ಪಾಲು

ಕೋಡಿಬಾಗದಲ್ಲಿ, ಬಲೆ ರಿಪೇರಿ ಅಂಗಡಿಯ ಮಾಳಿಗೆಯ ಮೇಲೆ
ಶನಿವಾರ ಸಂಜೆ ನಾವು ಐವರು.
ಮಗುಚಿ ಹಾಕಿದ ಐಸ್ ಪೆಟ್ಟಿಗೆಯೇ ಮೇಜು,
ಅದರ ಮೇಲೆ ಇಪ್ಪತ್ತು ಮುಖದ ದಾಳ.
ಎಷ್ಟು ತೊಳೆದರೂ ಬಂಗಡೆ ವಾಸನೆ ಬಿಡದ ಪೆಟ್ಟಿಗೆ;
ನಮ್ಮ ರಾಕ್ಷಸರೆಲ್ಲ ಹುಟ್ಟಿದ್ದು ಆ ವಾಸನೆಯಲ್ಲೇ.

ಮೊದಲ ವರ್ಷ ಆಟ ನಡೆಸಿದವ ಉಲ್ಲಾಸ ಬಾಂದೇಕರ,
ಹಗಲು ಬೈತಖೋಲ ಬಂದರಿನಲ್ಲಿ ತೂಕದ ಗುಮಾಸ್ತ.
ದಾಳವನ್ನು ಎಲ್ಲರೆದುರೇ ಉರುಳಿಸುತ್ತಿದ್ದ.
ಬಿದ್ದದ್ದು ಬಿತ್ತು.
ಅವನ ಲೋಕದಲ್ಲಿ ಬಾಗಿಲಿದ್ದರೆ ಹಿಂದೊಂದು ಹಲ್ಲು,
ಹಲ್ಲಿಗೆ ಎದುರಾಗಿ ಕೊಡಲಿ ಬೇಕು,
ಕೊಡಲಿ ಇದ್ದದ್ದು ರುಜಾರನ ಕೈಯಲ್ಲಿ.
ನನ್ನ ಪಾತ್ರ, ಹಕ್ಕಿಗಳ ಮಾತು ಬಲ್ಲ ಮುದುಕಿ.
ಎಂಟು ತಿಂಗಳು ಒಂದು ಹಕ್ಕಿಯೂ ಹಾರಲಿಲ್ಲ.

"ಕೊಡಲಿಗೆ ಅಂಕ ಜಾಸ್ತಿ, ಪುಸ್ತಕವೇ ತಪ್ಪು" ಎಂದು ಜಗಳ ತೆಗೆದೆ.
ಉಲ್ಲಾಸ ಕೂಡಿಸಿ ಕಳೆದು ತೋರಿಸಿದ.
ಸರಿಯಾಗಿಯೇ ಇತ್ತು,
ಗ್ರಾಮಿಗೆ ಗ್ರಾಮು.

ಆಮೇಲೆ ಆ ಬದಿಗೆ ಕೂತವಳು ಮುಕ್ತಾ ದುರ್ಗೇಕರ.
ಮೀನು ಡಬ್ಬಿಯ ಥರ್ಮಾಕೋಲ್ ಮುಚ್ಚಳ ನಿಲ್ಲಿಸಿ
ಅದರ ಮರೆಯಲ್ಲಿ ದಾಳ.
ಅವಳ ರಾಕ್ಷಸನಿಗೆ ಒಬ್ಬಳು ಅಕ್ಕ ಇದ್ದಳು,
ಅಕ್ಕನಿಗೆ ಮಾತಾಡುವವರು ಬೇಕಿತ್ತು.
ಉಪ್ಪಿನ ದರಕ್ಕೆ ಎರಡು ಶನಿವಾರ ಚೌಕಾಶಿ ನಡೆಯಿತು.
ಹಕ್ಕಿಗಳು ಬಂದವು: ಗರುಡ, ಮಿಂಚುಳ್ಳಿ,
ಸುಳ್ಳು ಹೇಳುವ ಒಂದು ಕೊಕ್ಕರೆ.
ನನ್ನ ಮುದುಕಿ ಬಾಯಿ ತೆರೆದರೆ ಊರೇ ತಿರುಗಿ ನೋಡುತ್ತಿತ್ತು.

ಅದೇ ಪುಸ್ತಕ. ಅವೇ ಅಂಕ.
ರುಜಾರ ಮೂಲೆಯಲ್ಲಿ ಕೂತು
ಕೊಡಲಿ ಹಿಡಿಗೆ ಹಗ್ಗ ಸುತ್ತುತ್ತಿದ್ದ,
ಇಲ್ಲದ ಕೊಡಲಿಗೆ, ಇಲ್ಲದ ಹಗ್ಗ.
ನಾನು ನೋಡಿದೆ.
ಈ ಸಲ ಜಗಳ ತೆಗೆಯಲಿಲ್ಲ.

(ಝುಲೇಖಾ ಮಾತ್ರ ಯಾರ ಆಟದಲ್ಲೂ ಸೈ.
ಆಸ್ಪತ್ರೆ ಡ್ಯೂಟಿ ಮುಗಿಸಿ ತಡವಾಗಿ ಬಂದು ಇಲ್ಲೂ ವೈದ್ಯೆಯೇ ಆಗುತ್ತಾಳೆ.
ಗಾಯ ಎಲ್ಲರ ಲೋಕದಲ್ಲೂ ಇದೆ.)

ಒಂದು ರಾತ್ರಿ ನನ್ನ ಮುದುಕಿ ಬಂಡೆಯ ಅಂಚಿಗೆ ನೇತುಬಿದ್ದಳು.
ಮುಚ್ಚಳದ ಹಿಂದೆ ದಾಳ ಉರುಳಿತು.
ಮುಕ್ತಾಳ ಬೆನ್ನಿಗೆ ಕಿಟಕಿ, ಕಿಟಕಿಯ ಗಾಜಿನಲ್ಲಿ
ನನಗೆ ಕಂಡದ್ದು ಮೂರು.
"ಹದಿನೇಳು" ಎಂದಳು, ನಗುತ್ತ.
ಬದುಕಿದಳು ಮುದುಕಿ.
ಆದರೆ ಅಂದಿನಿಂದ ಯಾವ ಹಕ್ಕಿ ಕೂಗಿದರೂ
ಮುಕ್ತಾಳ ದನಿಯೇ ಕೇಳುತ್ತಿತ್ತು.

ನನ್ನಪ್ಪ ತಾಂಡೇಲ.
ಮರಳ ಮೇಲೆ ಮೀನು ಸುರಿದು
ದೋಣಿಗೊಂದು, ಬಲೆಗೊಂದು, ಇಂಜಿನ್ನಿಗೊಂದು,
ಆಮೇಲೆ ಆಳಿಗೊಂದೊಂದು ಎಂದು ಪಾಲು ಹಾಕುವಾಗ
ಕೇಳಿದ್ದೆ ಒಮ್ಮೆ: ಇದು ಸಮ ಹೇಗಾಯ್ತು?
"ಸಮ ಅಂತ ಯಾರಂದ್ರು?
ನಾಳೆ ಎಲ್ಲರೂ ದೋಣಿ ಹತ್ತಬೇಕಲ್ಲ, ಅಷ್ಟು."

ಈ ವರ್ಷ ಸರದಿ ನನ್ನದು.
ಮುಚ್ಚಳವನ್ನು ಕೆಳಗಿನ ಅಂಗಡಿಗೇ ಕೊಟ್ಟೆ.
ಪುಸ್ತಕ ಇದೆ, ಅರ್ಧ ಓದಿದ್ದೇನೆ.
ಮೊದಲ ದಿನ ರಾಕ್ಷಸನನ್ನು ತರಲಿಲ್ಲ,
ರುಜಾರನಿಗೆ ಕೇಳಿದೆ: ಆ ಕೊಡಲಿ ನಿನಗೆ ಕೊಟ್ಟವರು ಯಾರು?
ಚಹಾ ಕೆಳಗಿಟ್ಟ. ತುಂಬ ಹೊತ್ತು ಯೋಚಿಸಿದ.
"ಅಜ್ಜಿ" ಎಂದ.
ಎರಡು ವರ್ಷದಲ್ಲಿ ಅವನ ಕೊಡಲಿ ಆಡಿದ ಮೊದಲ ಮಾತು.

ನಿನ್ನೆ ಮುಕ್ತಾಳ ಪಾತ್ರದ ದೋಣಿ ಅಳಿವೆಯಲ್ಲಿ ಮಗುಚಿತು.
ಹನ್ನೊಂದು ಬೇಕಿತ್ತು.
ದಾಳ ಪೆಟ್ಟಿಗೆಯ ಅಂಚಿನವರೆಗೂ ಓಡಿ ನಿಂತಿತು.
ನನ್ನ ಅಂಗೈ ತಾನಾಗಿ ಅದರ ಮೇಲೆ ಬಿತ್ತು.
ಎಲ್ಲರೂ ನನ್ನನ್ನೇ ನೋಡುತ್ತಿದ್ದರು.
ಮುಕ್ತಾ ತಲೆಯಾಡಿಸಿದಳು,
ಕಾಣದಷ್ಟು ಸಣ್ಣಗೆ: ಬೇಡ.

"ಒಂದು" ಎಂದೆ.
ಮುಳುಗಿದಳು.
ಆಟ ಮುಗಿಸಬಹುದಿತ್ತು.
"ಕೆಳಗೆ ಏನು ಕೇಳುತ್ತಿದೆ?" ಎಂದು ಕೇಳಿದೆ.

ಅವಳು ಹೇಳತೊಡಗಿದಳು, ನಿಧಾನ,
ಉಸಿರು ಕಟ್ಟಿದವರ ಹಾಗೆ ಒಂದೊಂದೇ ಪದ.
ಹೊರಗೆ ಕೊನೆಯ ಬಸ್ಸು ಸೇತುವೆ ದಾಟಿತು.
ದಾಳಗಳನ್ನು ಎಣಿಸಿ ಡಬ್ಬಿಗೆ ತುಂಬುವುದು
ಉಲ್ಲಾಸನಿಗೂ ನೆನಪಾಗಲಿಲ್ಲ.