ಅಂಟು ಬಿಡಿಸುವ ಅಂದುಞಿ

ಉಪ್ಪಳದ ಹೈವೇ ಅಗಲವಾದ ಮೇಲೆ
ಅಂದುಞಿಯ ಅಂಗಡಿ ಎರಡು ಮೆಟ್ಟಿಲು ಕೆಳಗಿಳಿದಿದೆ.
ಬೋರ್ಡು ಅವನೇ ಬರೆದದ್ದು,
ಕನ್ನಡದಲ್ಲೊಮ್ಮೆ, ಮಲಯಾಳದಲ್ಲೊಮ್ಮೆ.
ಒಂದನೇ ಕ್ಲಾಸಿನ ಪುಸ್ತಕದಲ್ಲಿ ಚಿತ್ರವೂ ಸಿಗದೆ
ಪೆಚ್ಚಾಗಿ ಕೂತಿದ್ದ ಆ ಞ
ಇಲ್ಲಿ ಅವನ ಹೆಸರಿನೊಳಗೆ
ಆರಾಮವಾಗಿ ಕಾಲು ಚಾಚಿದೆ.

ನನ್ನದು ಹಳೆ ಬೈಕು, ಪುತ್ತೂರಿನಿಂದ ತಂದದ್ದು.
ಟ್ಯಾಂಕಿನ ಎರಡೂ ಬದಿ ಕಂಪೆನಿಯ ಬೆಳ್ಳಿರೆಕ್ಕೆ;
ಎಡಗಡೆಯದ್ದು ಅರ್ಧ ಮುರಿದು ಈಗ ಕೋಳಿಯದ್ದು.
ಮೇಲೆ, ಪೆಟ್ರೋಲ್ ಮುಚ್ಚಳದ ಹಿಂದೆ,
ಬಿಳಿ ಅಕ್ಷರದಲ್ಲಿ: ಧನ್ವಿತಾ.
ಕೀ ಕೊಡುವಾಗ ಮಾರಿದವರು ಏನೂ ಹೇಳಲಿಲ್ಲ.
ಹೆಬ್ಬೆರಳಿಂದ ಆ ಹೆಸರನ್ನು ಒಮ್ಮೆ ಒರೆಸಿದರು,
ಧೂಳು ಇರಲಿಲ್ಲ.

"ತೆಗೀಬೇಕು, ಪೈಂಟಿಗೆ ಗೀರು ಬೀಳಬಾರದು" ಅಂದೆ.
"ಅಂಟಿಸ್ಲಿಕ್ಕೆ ನೂರು, ತೆಗೀಲಿಕ್ಕೆ ಇನ್ನೂರೈವತ್ತು.
ಅಂಟಿಸ್ಲಿಕ್ಕೆ ಕಣ್ಣು ಸಾಕು ಮಾರ್ರೆ,
ಬಿಡಿಸ್ಲಿಕ್ಕೆ ಕೈ ಬೇಕು."

ಮೊದಲು ನೀರು.
ಮರಳಿನ ಒಂದು ಕಣ ಉಳಿದರೂ
ಅದೇ ಉಳಿಯಾಗುತ್ತದಂತೆ.
ಆಮೇಲೆ, ಮಗಳ ನಿಕಾಹಿನ ದಿನ ಬ್ಯೂಟಿ ಪಾರ್ಲರಿನವಳು
ಮರೆತುಹೋದ ಕೂದಲೊಣಗಿಸುವ ಯಂತ್ರ.
ಊದುತ್ತಾನೆ, ಅಂಗೈ ಇಟ್ಟು ನೋಡುತ್ತಾನೆ, ಊದುತ್ತಾನೆ;
ಗಂಜಿಗೆ ಕೈ ಹಾಕಬಹುದಾದಷ್ಟೇ ಬಿಸಿ.
ಬ್ಲೇಡು ಕಿಟಿಕಿಯ ಮೇಲಿದೆ, ಅದರ ಕಡೆ ನೋಡುವುದೂ ಇಲ್ಲ.
ಎರಡು ತೋರುಬೆರಳಿಗೆ ತಂಗೂಸಿ ಸುತ್ತಿ
(ಭಾವ ಮಂಜೇಶ್ವರದ ಅಳಿವೆಯಲ್ಲಿ ಗಾಳ ಹಾಕುವಂಥದ್ದು)
ರೆಕ್ಕೆಯ ಬೆನ್ನಿಗೆ ತೂರಿಸಿ
ಆಚೆಗೆ ಈಚೆಗೆ, ಆಚೆಗೆ ಈಚೆಗೆ,
ತೊಟ್ಟಿಲು ತೂಗುವ ವೇಗದಲ್ಲಿ.
ರೆಕ್ಕೆ ಕಳಚಿ ಅವನ ಅಂಗೈಗೆ ಬಿತ್ತು.
"ಹಿಡ್ಕೊಳ್ಳಿ." ಕಿಸೆಗೆ ಹಾಕಿಕೊಂಡೆ.

ಉಳಿದದ್ದು ಅಂಟು: ಕಪ್ಪು ಸ್ಪಂಜು, ಹಳದಿ ಮೇಣ.
ಅದಕ್ಕೆ ತೆಂಗಿನೆಣ್ಣೆ ಸವರಿ ಅವನು ಚಾ ಕುಡಿಯಲು ಹೋದ.
ಬಿಸಿಲಿಗೆ ಎಣ್ಣೆ ಕಾಯಿತು, ನಾನೂ ಕಾದೆ.
ಸರ್ವಿಸ್ ರೋಡಿನಲ್ಲಿ ಮೀನಿನವನ ಸ್ಕೂಟರು
ಪೊಂ ಪೊಂ ಎಂದು ಹೋಗಿ, ಬೆಕ್ಕೊಂದನ್ನು ಬಿಟ್ಟುಹೋಯಿತು.
ಬಂದವನು ಹೆಬ್ಬೆರಳು ಊರಿದ.
ಅಂಟು ಉರುಳುರುಳಿ ಎದ್ದಿತು,
ಲೆಕ್ಕದ ಪರೀಕ್ಷೆ ಮುಗಿದ ಬೆಂಚಿನ ಮೇಲೆ
ರಬ್ಬರಿನ ಕಸ ಬೀಳುವ ಹಾಗೆ.

ಹೆಸರು ಕಷ್ಟವಾಯಿತು.
ಧ ಇಡಿಯಾಗಿ ಬಂತು, ನ್ವಿ ಹರಿಯಿತು,
ತಾ ಉಗುರಿಗೂ ಸಿಗಲಿಲ್ಲ.
"ಯಾರಿದು?"
"ಅವರ ಮಗಳಿರಬೇಕು."
"ಕೇಳಿಲ್ವಾ?"
"ಇಲ್ಲ."
ಅಂದುಞಿ ಇನ್ನೂ ಸ್ವಲ್ಪ ಎಣ್ಣೆ ಹಾಕಿದ.

ಹಳೆ ಪಂಚೆಯ ತುಂಡಿನಿಂದ ಒರೆಸಿ
ಎರಡು ರೂಪಾಯಿಯ ಶಾಂಪೂವಿನಲ್ಲಿ ತೊಳೆದು ನೋಡಿದರೆ
ಒಂದೇ ಒಂದು ಗೀರಿಲ್ಲ.
ಹೆಸರೂ ಎಲ್ಲಿಗೂ ಹೋಗಿಲ್ಲ.
ಸುತ್ತಲಿನ ಕೆಂಪು ಏಳು ಬೇಸಗೆಗೆ ಸಪ್ಪೆಯಾಗಿದೆ,
ಅಕ್ಷರದಡಿಯ ಕೆಂಪು ಇನ್ನೂ ಶೋರೂಮಿನಲ್ಲೇ ಇದೆ.
ಬೆರಳಿಗೆ ತಾಗುವುದಿಲ್ಲ,
ತಲೆ ಓರೆ ಮಾಡಿದರೆ ಓದಬಹುದು.

"ಇದು ಎಣ್ಣೆಗೆ ಬಿಡುವ ಜಾತಿ ಅಲ್ಲ.
ಬಿಸಿಲಲ್ಲಿ ನಿಲ್ಲಿಸಿ, ಎರಡು ಬೇಸಗೆ.
ಆಮೇಲೆ ಅದೂ ಸುತ್ತಲಿನದ್ದರ ಹಾಗೇ ಆಗ್ತದೆ."
ಐವತ್ತು ರೂಪಾಯಿ ವಾಪಸು ಕೊಟ್ಟ.
ಬೇಡವೆಂದರೂ ಸೀಟಿನ ಮೇಲಿಟ್ಟ.

ನಾನು ಕರೆಂಟಿನ ಮೀಟರು ಓದುವವನು.
ಪೈವಳಿಕೆ, ಬಾಯಾರು, ದಿನಕ್ಕೆ ಎಪ್ಪತ್ತು ಅಂಗಳ.
ಈಗೀಗ ಎಲ್ಲಿ ಹೋದರೂ
ಬೈಕನ್ನು ಹಲಸೋ ಪುನರ್ಪುಳಿಯೋ, ಒಂದು ಮರ ಹುಡುಕಿ
ಅದರ ಬುಡದಲ್ಲಿ ನಿಲ್ಲಿಸುತ್ತೇನೆ.
ಯಾರಾದರೂ ಕೇಳಿದರೆ
ಸೀಟು ಬಿಸಿಯಾಗುತ್ತದೆ ಅನ್ನುತ್ತೇನೆ.