ಮಾರು ಲೆಕ್ಕ

ಟೇಕಲ್ಲಿನ ಬಂಡೆಯ ಹೊಟ್ಟೆ ಬಗೆದವರು ನಮ್ಮ ಅಜ್ಜಂದಿರು.
ಕಲ್ಲು ಮುಗಿಯಲಿಲ್ಲ, ಕಂಟ್ರಾಕ್ಟು ಮುಗಿಯಿತು.
ಒಂದು ರಾತ್ರಿ ತಳದಲ್ಲಿ ಒರತೆ ಒಡೆದು
ಕ್ರೇನಿನ ಕೊಕ್ಕೆ, ಏಣಿ, ಯಾರದೋ ಬುತ್ತಿ ಡಬ್ಬಿ
ಇದ್ದಲ್ಲೇ ಇದ್ದ ಹಾಗೆ ನೀರೊಳಗೆ ಉಳಿದವು.
ಅವತ್ತಿನಿಂದ ಅದು ಹಸಿರು ಕಣ್ಣು. ರೆಪ್ಪೆ ಇಲ್ಲದ್ದು.

ಆ ಕಣ್ಣು ಎಷ್ಟು ಆಳ ಎಂದು ಕೇಳಿದವನು ಸೊಣ್ಣಪ್ಪ.
ಕಲ್ಲು ಕೊರೆಯುವ ಕಂಪ್ರೆಸರ್ ಬಾಡಿಗೆಗೆ ತಂದ,
ಪೈಪಿನ ತುದಿ ಹಲ್ಲಲ್ಲಿ ಕಚ್ಚಿದ,
ಸೊಂಟಕ್ಕೆ ಎರಡು ಸುತ್ತಿಗೆಯ ತಲೆ ಕಟ್ಟಿದ.
ಹಗ್ಗ ನನ್ನ ಕೈಗೆ. ನನಗಾಗ ಹನ್ನೊಂದು.
"ಒಂದು ಜಗ್ಗಿದರೆ ಬಿಡು, ಎರಡು ಜಗ್ಗಿದರೆ ಎಳಿ,
ಮೂರು ಜಗ್ಗಿದರೆ ನಮ್ಮಮ್ಮಂಗೆ ಹೇಳು."
ನಕ್ಕ.

ಹಳದಿ ನೈಲಾನು ಹಗ್ಗ. ಮಾರಿಗೊಂದು ಗಂಟು,
ಗಂಟಿಗೊಂದು ಕೆಂಪು ಚಿಂದಿ, ಅಕ್ಕನ ಹಳೇ ಲಂಗದ್ದು.
ಮಾರು ಹಾಕಿದವನು ನಾನು,
ಎರಡು ಕೈ ಅಗಲಿಸಿ, ಎದೆ ಉಬ್ಬಿಸಿ,
ಬೆರಳ ತುದಿಯಿಂದ ಬೆರಳ ತುದಿಗೆ.
ಇಪ್ಪತ್ತು ಚಿಂದಿ ಅಂಗೈ ದಾಟಿ ಇಳಿದವು.
ಮೇಲೆ ಬಂದವನ ಮೂಗಲ್ಲಿ ರಕ್ತ, ಕೈಯಲ್ಲಿ ಬುತ್ತಿ ಡಬ್ಬಿ;
ಮುಚ್ಚಳ ತೆಗೆದರೆ ಒಳಗೂ ಅದೇ ಹಸಿರು ನೀರು.
ಬಂಡೆಯ ಮೇಲೆ ಕೆಂಪು ಪೇಂಟಲ್ಲಿ ಬರೆದೆವು:
ಸೊಣ್ಣ ೨೦.

ಅಂಕಿಗೆ ಕಾಲಿರುತ್ತದೆ.
ಮಾಲೂರಿನ ಹೆಂಚಿನ ಫ್ಯಾಕ್ಟರಿಯಲ್ಲಿ ಉಂಡು,
ಬಂಗಾರಪೇಟೆಯ ಟೀ ಅಂಗಡಿಯಲ್ಲಿ ಮಲಗಿ,
ಮೂರು ವರ್ಷಕ್ಕೆ ಯಲ್ಲೇಶನ ಕಿವಿ ಸೇರಿತು.

ಬಾಗಿಲಿಗೆ ಬಗ್ಗಿ ಬರುವ ಆಳು. ಮೆತ್ತಗಿನ ಮಾತು.
ಕೊಳವೆಬಾವಿಗೆ ಬಿದ್ದ ಮೋಟಾರು ಎತ್ತುವುದು ಕಸುಬು.
ಸೊಣ್ಣಪ್ಪನ ಮೇಲೆ ಸಿಟ್ಟಿಲ್ಲ, ನೀರಿನ ಮೇಲೆ ಆಸೆಯಿಲ್ಲ,
ಇಪ್ಪತ್ತೊಂದು ಎಂಬ ಒಂದು ಪದ ಮಾತ್ರ
ಅಂಗಾಲಿನ ಮುಳ್ಳಿನ ಹಾಗೆ ಮುರಿದು ಕೂತಿತ್ತು.
ತನ್ನ ಹಗ್ಗ ತಾನೇ ತಂದ. ತನ್ನ ಮಾರು ತಾನೇ ಹಾಕಿದ.
ಹಿಡಿಯಲು ನಾನು. ಹದಿನಾಲ್ಕರ ಅನುಭವಸ್ಥ.

ಹದಿನೈದು. ಒಂದು ಜಗ್ಗಿದ. ಬಿಟ್ಟೆ.
ಹದಿನೆಂಟು. ಒಂದು ಜಗ್ಗಿದ. ಬಿಟ್ಟೆ.
ಕಂಪ್ರೆಸರ್ ಕೆಮ್ಮಿ ಮತ್ತೆ ಸರಿಹೋಯಿತು.

ಆಳದಲ್ಲಿ ಗಾಳಿಯೇ ಹೆಂಡವಾಗುತ್ತದಂತೆ.
ಆಮೇಲೆ ಬಂದ ಮುಳುಗುಗಾರರೊಬ್ಬರು ಬೀಡಿ ಹಚ್ಚುತ್ತ ಹೇಳಿದರು:
ಮೊದಲು ಭಯ ಕರಗುತ್ತೆ,
ಆಮೇಲೆ ಮೇಲು ಯಾವ ಕಡೆ ಅನ್ನೋದು.

ಇಪ್ಪತ್ತೊಂದನೇ ಚಿಂದಿ ಅಂಗೈ ದಾಟಿದಾಗ
ಹಗ್ಗ ಜಗ್ಗತೊಡಗಿತು. ಒಂದು, ಎರಡು, ಮೂರು, ಐದು, ಒಂಬತ್ತು,
ಮದುವೆಮನೆ ತಮಟೆಯ ಹಾಗೆ,
ನಾವು ಮಾತಾಡಿಕೊಳ್ಳದೇ ಇದ್ದ ತಾಳ.
ದಡದವರು ಶಿಳ್ಳೆ ಹೊಡೆದರು: ಗೆದ್ದ, ಕುಣೀತವ್ನೆ!
ನಾನೂ ನಕ್ಕೆ.
ಎಷ್ಟು ಹೊತ್ತು ನಕ್ಕೆ ಎನ್ನುವುದಕ್ಕೆ ಮಾರಿಲ್ಲ.

ಎಳೆದಾಗ ಹಗ್ಗ ಹಗುರ.
ಸೊಂಟದ ಗಂಟು ಅವನೇ ಬಿಚ್ಚಿಕೊಂಡಿದ್ದ,
ಮನೆಗೆ ಬಂದವನು ಹೊಸಿಲಾಚೆ ಚಪ್ಪಲಿ ಬಿಟ್ಟ ಹಾಗೆ.
ಎಷ್ಟು ಆಳದಲ್ಲಿದ್ದಾನಪ್ಪ, ಎಂದರು ಖಾಕಿಯವರು.
ನಾನು ಕೈ ಅಗಲಿಸಿ ನಿಂತೆ.

ಈಗ ಗ್ರಾನೈಟ್ ಯಾರ್ಡಿನಲ್ಲಿ ಟೇಪು ಹಿಡಿಯುತ್ತೇನೆ,
ಕಾಲಿಂಚು ತಪ್ಪಿದರೆ ಸಂಬಳ ಹಿಡಿಯುತ್ತಾರೆ.
ಹೋದ ಭಾನುವಾರ ಅಟ್ಟ ಗುಡಿಸುವಾಗ
ಸೊಣ್ಣಪ್ಪನ ಹಗ್ಗ ಸಿಕ್ಕಿತು. ಸುಮ್ಮನೆ ಮಾರು ಹಾಕಿದೆ.
ಹದಿನಾರು.
ಬೆವರು ಒರೆಸಿಕೊಂಡು ಮತ್ತೆ ಹಾಕಿದೆ.
ಹದಿನಾರು.

ಅಂದರೆ ಯಲ್ಲೇಶ
ತನ್ನ ಉದ್ದ ತೋಳಿನ ಹದಿನಾರನೇ ಗಂಟಿಗೇ ಗೆದ್ದಿದ್ದ.
ಹದಿನೆಂಟರಲ್ಲಿ ಜಗ್ಗಿದಾಗಲೇ ಮೇಲೆ ಬರಬಹುದಿತ್ತು,
ತಲೆ ಒರೆಸಿಕೊಂಡು ಟೀ ಕುಡಿಯಬಹುದಿತ್ತು.
ಮಿಕ್ಕ ಐದು ಮಾರು ಅವನು ಇಳಿದದ್ದು ನೀರಿಗಲ್ಲ,
ಹನ್ನೊಂದು ವರ್ಷದವನ ಗಿಡ್ಡ ತೋಳುಗಳೊಳಕ್ಕೆ.

ನಿನ್ನೆ ಬಂಡೆಯ ಹತ್ತಿರ ಹೋಗಿದ್ದೆ.
೨೦ರ ಕೆಳಗೆ ಯಾರೋ ಸೀಮೆಸುಣ್ಣದಲ್ಲಿ ೨೨ ಬರೆದು
ಪಕ್ಕದಲ್ಲಿ ಹೆಸರಿಗೆ ಜಾಗ ಬಿಟ್ಟಿದ್ದಾರೆ.
ಅಂಗೈಯಲ್ಲಿ ಉಜ್ಜಿದೆ. ಕೆಂಪು ಪೇಂಟು ಮಾತ್ರ ಉಗುರಿಗೂ ಬರಲಿಲ್ಲ.

ಸೊಣ್ಣಪ್ಪನಿಗೆ ಇನ್ನೂ ಹೇಳಿಲ್ಲ.
ಎಡಗಿವಿ ಅವನಿಗೆ ಅವತ್ತೇ ಹೋಗಿದೆ.
ಬಲಗಡೆ ಕೂತು ಹೇಳಬೇಕು.