ಬೇವಿನ ಕಡ್ಡಿಯ ಅಳತೆ

ಚೀಟಿ ಬರೆದುಕೊಡಲಿಲ್ಲ ಕಾಳಪ್ಪ ಮಾವ.
ತನ್ನ ಉಳಿಯನ್ನು ಹಲಗೆಯ ಮೇಲೆ ಮಲಗಿಸಿ
ಮಗ್ಗುಲಿಗೊಂದು ಹಸಿ ಬೇವಿನ ಕಡ್ಡಿ ಇಟ್ಟು
ಅಲಗು ಮುಗಿವಲ್ಲಿ ಉಗುರಿಂದ ಗೀರಿ, ಮುರಿದ.
"ಇಷ್ಟುದ್ದ ಅಲಗಿಂದು ತಗೊಂಡು ಬಾ.
ಎಳ್ಳಷ್ಟು ಹೆಚ್ಚೂ ಬ್ಯಾಡ, ಕಮ್ಮೀನೂ ಬ್ಯಾಡ."

ಸಿರವಾರದಿಂದ ರಾಯಚೂರಿಗೆ ಒಂದು ತಾಸು.
ಕಡ್ಡಿ ನನ್ನ ಪರ್ಸಿನೊಳಗೆ, ಆಧಾರ್ ಕಾರ್ಡಿನ ಪಕ್ಕ.
ಈ ಬಿಸಿಲಿಗೆ ಸೊರಗಿ ಗಿಡ್ಡಾದೀತೆಂದು
ಎರಡು ಸಲ ತೆಗೆದು ನೋಡಿದೆ.
ಮರ ಅಗಲಕ್ಕೆ ಸೊರಗುತ್ತದೆ, ಉದ್ದಕ್ಕಲ್ಲ,
ಮಾವನೇ ಕಲಿಸಿದ್ದು. ಆದರೂ ನೋಡಿದೆ.

ತೀನ್ ಕಂದೀಲಿನ ಹಿಂದಿನ ಸಂದಿಯಲ್ಲಿ
ಚಾಂದಪಾಷಾನ ಅಂಗಡಿ:
ಅಗಳಿ, ಬಿಜಾಗರಿ, ಮೊಳೆಯ ಡಬ್ಬಿ,
ಫ್ಯಾನಿನ ಗಾಳಿಗೆ ಪಟಪಟಿಸುವ ಉಪ್ಪುಕಾಗದ.
"ಯಾರಿಗವ್ವಾ? ನಿಮ್ಮ ಯಜಮಾನರಿಗ?"
"ನನಗ."
ನನ್ನ ಕೈ ನೋಡಿದ, ಮುಖವನ್ನಲ್ಲ.
ಹೆಬ್ಬೆರಳ ಬುಡದ ಗಂಟು ಕಂಡಿರಬೇಕು,
ಕೆಳಗಿನ ಡ್ರಾ ಎಳೆದ.

ಒಂದೊಂದರ ಪಕ್ಕ ಕಡ್ಡಿ ಇಟ್ಟೆ. ಎಲ್ಲವೂ ಉದ್ದ.
ಎಲ್ಲದರ ಎದುರೂ ನನ್ನ ಕಡ್ಡಿ
ಅಣ್ಣಂದಿರ ನಡುವೆ ಫೋಟೋಕ್ಕೆ ನಿಂತ ಕೂಸು.

"ಉದ್ದಿದ್ರ ತ್ರಾಸೇನು? ಕುಳಿ ತಳ ಮುಟ್ಟಬೇಕಲ್ಲ?"
ಮುಟ್ಟಬೇಕು, ಖರೆ.
ದಪ್ಪ ಚೌಕಟ್ಟಿನಲ್ಲಿ ಆಳಕ್ಕಿಳಿವಾಗ
ಗಿಡ್ಡ ಉಳಿಯ ಹಿಡಿ
ಕುಳಿಯ ಬಾಯಿಗೆ ಬಡಿದು ತುಟಿ ಒಡೆಯುತ್ತದೆ.
ಆದರೆ ಬಿಜಾಗರಿ ಕೂರಿಸುವ ತೆಳು ಕಚ್ಚಿಗೆ
ಉದ್ದದ್ದು ಹಿಡಿದರೆ
ಫೋನಿನಲ್ಲಿ ಬುದ್ಧಿ ಹೇಳಿದಂತೆ:
ಹೊರಟದ್ದೊಂದು, ತಾಗಿದ್ದೊಂದು.
ಗಿಡ್ಡದಾದರೆ ಬೆರಳು ಅಂಚಿನ ಹತ್ತಿರವೇ ಕೂತು
ಮರದ ಎಳೆ ಅಡ್ಡ ತಿರುಗುವ ಮುಂಚೆ
ಕೇಳಿಸಿಕೊಳ್ಳುತ್ತದೆ.

ಅರ್ಧ ಹೇಳಿದೆ, ಅರ್ಧ ಕೈಯಲ್ಲಿ ತೋರಿಸಿದೆ.
ಆತ ಕಡ್ಡಿ ಎತ್ತಿ ಕಣ್ಣ ಹತ್ತಿರ ಹಿಡಿದ.
"ಇದು ಯಾವ ಉಳಿ ಅಳತಿ?"
"ನಮ್ಮ ಮಾವಂದು."
"ತಗೊಂಡು ಎಷ್ಟು ವರ್ಷಾತು?"

ಲೆಕ್ಕ ಹಾಕುತ್ತ ನಿಂತವಳ ಕಿವಿಯಲ್ಲಿ
ಸಾಣೆಕಲ್ಲು.
ಬೆಳಿಗ್ಗೆ, ಚಹಾಕ್ಕೂ ಮುಂಚೆ, ನೀರು ಚಿಮುಕಿಸಿ
ಹೋಗಿ ಬಂದು ಹೋಗಿ ಬಂದು
ನಾನು ಹಾಸಿಗೆಯಲ್ಲೇ ಕೇಳುತ್ತ ಬೆಳೆದ ಸದ್ದು.
ದಿನಕ್ಕೊಂದು ಕೂದಲೆಳೆ.
ಉಳಿ ಎಂದು ಹೆಸರಿಟ್ಟವರು ಯಾರೋ,
ದಿನಾ ಕರಗುವುದಕ್ಕೆ!
ಅದೂ ಒಂದು ದಿನ ಇಂಥದೇ ಡ್ರಾದಿಂದ
ಉದ್ದವಾಗಿಯೇ ಎದ್ದು ಬಂದಿತ್ತು.

ಚಾಂದಪಾಷಾ ನಗಲಿಲ್ಲ.
"ಇದು ಅಂಗಡ್ಯಾಗ ಸಿಗಂಗಿಲ್ಲ ಬಿಡವ್ವಾ.
ಮನ್ಯಾಗ ಆಗೂದಿದು."

ಕೊನೆಗೆ ಅರ್ಧ ಇಂಚಗಲದ್ದು,
ಹಿಡಿ ಬಿಟ್ಟು ಅಲಗೇ ನಾಲ್ಕೂವರೆ.
ಗಾಜಿನ ಮೇಲೆ ಬೆನ್ನು ಕೂರಿಸಿದೆ, ಬೆಳಕು ನುಸುಳಲಿಲ್ಲ.
ಉಗುರಿಂದ ಮೀಟಿದೆ,
ಕಂಚಿನ ತಾಟಿನಂತೆ ಕೊಂಚ ಹೊತ್ತು ನುಡಿಯಿತು.
ಇನ್ನೂರ ನಲವತ್ತು. ಹತ್ತು ಬಿಟ್ಟ.

ಕಲ್ಲೂರು ದಾಟುವಷ್ಟರಲ್ಲಿ
ಹಳೇ ಪೇಪರಿನಿಂದ ಮೂತಿ ಹೊರಹಾಕಿ
ಕೈಚೀಲಕ್ಕೊಂದು ತೂತು, ಟೊಮ್ಯಾಟೊಗೊಂದು ಕಚ್ಚು
ಮಾಡಿಯಾಗಿತ್ತು ಅದು, ಕಲಿಸುವ ಮುಂಚೆಯೇ.
ಕಡ್ಡಿ ಕೈಯಲ್ಲಿತ್ತು, ಬಾಯಿ ಒಣಗಿತ್ತು.
ತುದಿ ಜಗಿದೆ.
ಮೊದಲು ಕಹಿ, ಆಮೇಲೆ ನಾರು,
ಆಮೇಲೆ ಕಿಟಕಿಯಿಂದಾಚೆ.

"ಅಳತಿ ಕಡ್ಡಿ ಎಲ್ಲಿ?"
"ಹಲ್ಲು ತಿಕ್ಕಿಬಿಟ್ಟೆ."

ಮಾವ ಬೈಯಲಿಲ್ಲ. ಹೊಸದನ್ನು ಹಳೆಯದರ ಮಗ್ಗುಲಿಗಿಟ್ಟ.
ಹೆಚ್ಚಾದಷ್ಟರ ಮೇಲೆ ಎರಡು ಬೆರಳಿಟ್ಟು
ಸುಮಾರು ಹೊತ್ತು ತೆಗೆಯಲಿಲ್ಲ.
ಆಮೇಲೆ ಸಾಣೆಕಲ್ಲನ್ನು ನನ್ನ ಕಡೆ ನೂಕಿ
ಚಹಾಕ್ಕಿಡಲು ತಾನೇ ಎದ್ದ.